ಚುಕ್ಕಿಯ ಆಚೆಗಿನ ನೀರು

ತೂಕದ ಕೋಣೆಯ ಬಾಗಿಲಲ್ಲಿ ನಿಂತು ಸಹಿ ಹಾಕುವಾಗ ರುದ್ರೇಶನ ಕಣ್ಣು ಕಾಗದದ ಮೇಲಿತ್ತು, ಮನಸ್ಸು ಇರಲಿಲ್ಲ. ಅದು ಹಿಂದಿನ ಸಂಜೆ ಎಜ್‌ವೇರ್‌ನಲ್ಲಿ ಡಾಕ್ಟರ್ ಸತ್ಯಪ್ರಕಾಶರ ಮನೆಯ ಊಟದ ಮೇಜಿನ ಹತ್ತಿರವೇ ಕೂತುಬಿಟ್ಟಿತ್ತು. ಅವರ ಮಗಳು ವಿಭಾ, ಹದಿನೈದರ ಹುಡುಗಿ, ಮಾತಿಗಿರಲಿ ಅಂತ, "ಅಂಕಲ್, ವಾಟ್ ಡು ಯು ಡು?" ಎಂದು ಕೇಳಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಸತ್ಯಪ್ರಕಾಶರು ಸಾರಿನ ಪಾತ್ರೆಯನ್ನು ಈಚೆ ಸರಿಸುತ್ತ, "ಅಂಕಲ್ಲು ಜಯಾ ಆಂಟಿ ಹಸ್ಬೆಂಡ್ ಕಣಮ್ಮ. ಫಾರ್ಮಸೀಲಿ ಬಾಟ್ಲು ಗೀಟ್ಲು ನೋಡ್ಕೋತಾರೆ" ಎಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದಕ್ಕೇ ಅದು ಹೆಚ್ಚು ಚುಚ್ಚಿತ್ತು. ಎದುರಿಗೆ ಕೂತಿದ್ದ ಜಯಾ ಏನೂ ಹೇಳದೆ ಹಪ್ಪಳ ಮುರಿದಳು. ಧಾರವಾಡದ ಕಾಲೇಜಿನಲ್ಲಿ ಹನ್ನೊಂದು ವರ್ಷ ಕೆಮಿಸ್ಟ್ರಿ ಕಲಿಸಿದವನು, ಹೆಂಡತಿಗೆ ಇಲ್ಲಿ ಮಕ್ಕಳ ವಾರ್ಡಿನಲ್ಲಿ ಡಾಕ್ಟರ್ ಕೆಲಸ ಸಿಕ್ಕಿತೆಂದು ಹಿಂದೆ ಬಂದವನು, ಈಗ ಇನ್ನೊಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಔಷಧ ತಯಾರಿಸುವ ಸಣ್ಣ ವಿಭಾಗದಲ್ಲಿ ಬೇರೆಯವರು ತೂಗಿದ್ದನ್ನು ಎರಡನೆಯ ಸಲ ನೋಡಿ ಸಹಿ ಹಾಕುವವನು. ಇದನ್ನೆಲ್ಲ ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕಿತ್ತು ಎಂದು ಅವನು ರಾತ್ರಿಯಿಡೀ ವಾಕ್ಯ ಕಟ್ಟಿದ್ದ, ಬೆಳಿಗ್ಗೆ ಕೊಲಿಂಡೇಲ್‌ನಿಂದ ಬರುವ ಬಸ್ಸಿನಲ್ಲೂ ಕಟ್ಟಿದ್ದ, ಈಗಲೂ, ಪುಡಿ ತೂಗಿದ ಸಹಾಯಕಿ ತಕ್ಕಡಿಯ ಪಕ್ಕದಲ್ಲಿ ಬಿಳಿ ಪುಡಿಯ ಬಾಟಲಿ ಎತ್ತಿ ತೋರಿಸಿ "ಮೆಗ್ನೀಸಿಯಂ ಸಲ್ಫೇಟ್, ಸರಿಯಾ?" ಎಂದಾಗ, ಒಂದು ಒಳ್ಳೆಯ ವಾಕ್ಯದ ಕೊನೆಗೆ ಬಂದಿದ್ದ. ಬಾಟಲಿಯ ಮೇಲಿನ ದಪ್ಪಕ್ಷರ ಕಂಡಿತು. ತಕ್ಕಡಿಯ ಅಂಕಿ ಕಂಡಿತು. "ಸರಿ" ಎಂದು ಸಹಿ ಮಾಡಿದ.

ಅದು ಸಾವಿರದ ಒಂಬೈನೂರ ತೊಂಬತ್ತೆಂಟರ ಮಾರ್ಚ್ ತಿಂಗಳ ಒಂದು ಸೋಮವಾರ. ಹೆರಿಗೆ ವಾರ್ಡಿನಿಂದ ಬೆಳಿಗ್ಗೆಯೇ ಫೋನು ಬಂದಿತ್ತು. ರಕ್ತದೊತ್ತಡ ಏರಿ ಫಿಟ್ಸ್ ಬರುವ ಬಸುರಿಯರಿಗೆ ಕೊಡುವ ಮೆಗ್ನೀಸಿಯಂ ಇಂಜೆಕ್ಷನ್ ಅವರಲ್ಲಿ ಮುಗಿದಿತ್ತು. ಹೊರಗಿನಿಂದ ಬರಬೇಕಾದದ್ದು ಬಂದಿರಲಿಲ್ಲ. ಮಧ್ಯಾಹ್ನದೊಳಗೆ ಇಪ್ಪತ್ತನಾಲ್ಕು ಬಾಟಲಿಯಾದರೂ ಬೇಕು. ತಯಾರಾದ ಔಷಧದ ಪರೀಕ್ಷೆಯ ಫಲಿತಾಂಶ ಆಮೇಲೆ ಬಂದರೂ ನಡೆಯುತ್ತದೆ, ಎರಡು ಸಹಿ ಇದ್ದರೆ ಸಾಕು ಎಂದು ವಿಭಾಗದ ಮುಖ್ಯಸ್ಥೆ ಮಿಸೆಸ್ ಹಾರ್ಡಿಂಗ್ ಒಪ್ಪಿಕೊಂಡಿದ್ದರು. ಪುಡಿ ನೀರಿಗೆ ಬಿತ್ತು, ಕರಗಿತು, ಫಿಲ್ಟರ್ ದಾಟಿತು, ಬಾಟಲಿಗೆ ಇಳಿಯಿತು, ಕ್ರಿಮಿ ಕೊಲ್ಲುವ ಹಬೆಯ ಯಂತ್ರದೊಳಕ್ಕೆ ಹೋಯಿತು. ರುದ್ರೇಶ ತನ್ನ ಮೇಜಿಗೆ ಬಂದು ಕೂತು ಬೇರೆ ಕಾಗದಗಳನ್ನು ತಿರುವಿ ಹಾಕತೊಡಗಿದ. ಜಯಾ ಯಾಕೆ ಸುಮ್ಮನಿದ್ದಳು? 'ಇವರು ಲೆಕ್ಚರರ್ ಆಗಿದ್ರು' ಎಂದು ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಿದ್ದರೆ ಅದೂ ಅವಮಾನವೇ ಆಗುತ್ತಿತ್ತೇನೋ. ತನ್ನ ಪರವಾಗಿ ಇನ್ನೊಬ್ಬರು ಹೇಳಬೇಕಾಗಿ ಬಂದದ್ದೇ ಒಂದು ಇಳಿತ.

ಹೀಗೆ ಯೋಚಿಸುತ್ತ ಎರಡು ಗಂಟೆ ಕಳೆದಾಗ ಬಾಗಿಲಲ್ಲಿ ಚನ್ನಬಸವ್ವ ಬಂದು ನಿಂತಳು. ಬಾಟಲಿ, ಪಾತ್ರೆ ತೊಳೆಯುವ ಕೋಣೆಯಲ್ಲಿ ಕೆಲಸ ಮಾಡುವವಳು. ಐವತ್ತಾರು ವಯಸ್ಸು, ಬಿಜಾಪುರದ ಸಿಂದಗಿ ಕಡೆಯವಳು. ಗಂಡ ದಾನಪ್ಪ ಹೀಥ್ರೋದಲ್ಲಿ ವಿಮಾನದವರ ಊಟದ ಟ್ರೇ ಜೋಡಿಸುತ್ತಾನೆ. ಇಬ್ಬರೂ ಹೇಸ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ಬಾಡಿಗೆಗೆ ಇದ್ದಾರೆ. ಇಡೀ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ತಾವಿಬ್ಬರೇ ಎಂದು ಗೊತ್ತಾದ ದಿನ ಅವಳು ಹಿಗ್ಗಿದ್ದಳು. ರುದ್ರೇಶ ಹಿಗ್ಗಿರಲಿಲ್ಲ. ಆ ಸ್ನೇಹ ತನ್ನನ್ನು ತೊಳೆಯುವ ಕೋಣೆಯ ಕಡೆಗೆ ಎಳೆಯುತ್ತದೆ ಎಂಬ ಅಳುಕು ಅವನಿಗೆ ಆವತ್ತೇ ಹುಟ್ಟಿತ್ತು. ಈಗ ಅವಳ ಒಂದು ಕೈಯಲ್ಲಿ ಒದ್ದೆಯಾದ ಸ್ಟೀಲ್ ಬೋಗುಣಿ, ಇನ್ನೊಂದರಲ್ಲಿ ತಳದಲ್ಲಷ್ಟೇ ಪುಡಿ ಉಳಿದ ಬಾಟಲಿ. ಕೈಗವಸು ಬಿಚ್ಚಿ ಏಪ್ರನ್ನಿನ ಜೇಬಿಗೆ ತುರುಕಿದ್ದಳು.

"ಸರ, ಈ ಪುಡಿ ಬ್ಯಾರೆ ಐತ್ರಿ."

"ಯಾವ ಪುಡಿ?"

"ಮುಂಜಾನಿ ತೂಗಿದ್ದು. ಬೋಗುಣಿ ತಳಕ ಹತ್ತಿತ್ತು, ನೀರು ಹಾಕಿದೆ. ಬಿಸಿ ಆತ್ರಿ. ದಿನಾ ಹಂಗ ಆಗಂಗಿಲ್ಲ, ದಿನಾ ತಣ್ಣಗ ಆಕ್ಕೈತಿ. ಮತ್ತ ಇದರ ಚೀಟಿ ಮ್ಯಾಲೆ ಚುಕ್ಕೀನ ಇಲ್ಲ, ನೋಡ್ರಿ..."

ಚುಕ್ಕಿ ಎಂಬ ಮಾತು ಕೇಳಿದ್ದೇ ಅವನಿಗೆ ರೇಗಿತು. ಐದು ತಿಂಗಳ ಹಿಂದೆ, ದೀಪಾವಳಿಯ ಆಸುಪಾಸಿನಲ್ಲಿ, ಅವಳು ಇದೇ ಚುಕ್ಕಿಯನ್ನು ಹಿಡಿದುಕೊಂಡು ಬಂದಿದ್ದಳು. ಯಾವುದೋ ಔಷಧ ಕಂಪನಿಯವರು ಹಂಚಿದ ಪುಟ್ಟ ಡೈರಿಯಲ್ಲಿ, ತೊಳೆಯಲು ಬಂದ ಬಾಟಲಿಗಳ ಮೇಲಿನ ಸೂತ್ರಗಳನ್ನೆಲ್ಲ ಏಳನೇ ಇಯತ್ತೆಯ ದುಂಡು ಅಕ್ಷರದಲ್ಲಿ ನಕಲು ಮಾಡಿಟ್ಟಿದ್ದಳು. ಒಂದು ಕಡೆ ಬೆರಳಿಟ್ಟು, "ಇದು ಪೂರ್ಣವಿರಾಮನೇನ್ರಿ? ಪೂರ್ಣವಿರಾಮ ಅಂದ್ರ ತಳದಾಗ ಇರಬೇಕಲ್ರಿ, ಇದು ಎದಿ ಮಟ್ಟಕ್ಕ ನಿಂತೈತಿ" ಎಂದಿದ್ದಳು. ಅವನು ಫೈಲಿನಿಂದ ತಲೆ ಎತ್ತದೆ, "ಗುಣಾಕಾರ ಅಂತ ತಿಳಕೊಳ್ರಿ ಅಕ್ಕಾರ. ಬಾಟ್ಲಿ ತೊಳಿಯಾಕ ಅದೆಲ್ಲಾ ಬೇಕಾಗಂಗಿಲ್ಲ" ಎಂದು ನಕ್ಕಿದ್ದ. ಗುಣಾಕಾರವಲ್ಲ ಎಂದು ಅವನಿಗೆ ಗೊತ್ತಿತ್ತು. ಹನ್ನೊಂದು ವರ್ಷ ಪ್ರತಿ ಜೂನ್‌ನಲ್ಲಿ ಅದು ಗುಣಾಕಾರವಲ್ಲ ಎಂದೇ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದವನು ಅವನು. ಸರಿಯಾದದ್ದನ್ನು ಹೇಳಲು ಎರಡು ನಿಮಿಷ ಬೇಕಿತ್ತು. ತಪ್ಪಾದದ್ದಕ್ಕೆ ಎರಡು ಸೆಕೆಂಡು ಸಾಕಾಯಿತು.

"ಅಕ್ಕಾರ, ಇವತ್ತ ನನಗ ಭಾಳ ಕೆಲಸ ಐತಿ. ನಿಮ್ಮ ಕೆಲಸ ನೀವು ನೋಡ್ರಿ, ನಮ್ಮ ಕೆಲಸ ನಾವು ನೋಡ್ತೀವಿ."

ಅಷ್ಟರಲ್ಲಿ ಮಿಸೆಸ್ ಹಾರ್ಡಿಂಗ್ ಆ ದಾರಿಯಲ್ಲಿ ಹೋಗುತ್ತಿದ್ದವರು ನಿಂತು, ಏನಾದರೂ ತೊಂದರೆಯಾ ಎಂದು ಕೇಳಿದರು. ರುದ್ರೇಶ ಎದ್ದು ನಿಂತು, ತನ್ನ ಅತ್ಯಂತ ನಯವಾದ ಇಂಗ್ಲಿಷಿನಲ್ಲಿ, "ಏನಿಲ್ಲ, ಆಕೆಗೆ ಹೊಸ ಕೈಗವಸು ಬೇಕಂತೆ" ಎಂದ. ಆ ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ರಾತ್ರಿಯಿಡೀ ಕಟ್ಟಿದ ವಾಕ್ಯಗಳಲ್ಲಿ ಒಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಮಿಸೆಸ್ ಹಾರ್ಡಿಂಗ್ ತಲೆದೂಗಿ ಹೋದರು. 'ಗ್ಲವ್ಸ್' ಎಂಬ ಶಬ್ದ ಚನ್ನಬಸವ್ವನಿಗೆ ತಿಳಿಯದ್ದೇನಲ್ಲ. ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಸಂತೆಯಲ್ಲಿ ತೂಕ ಸರಿಯಿಲ್ಲವೆಂದು ಖಾತ್ರಿಯಾದ ಹೆಂಗಸು ಅಂಗಡಿಯವನನ್ನು ನೋಡುವ ಹಾಗೆ ನೋಡಿ, ಬೋಗುಣಿ ಎತ್ತಿಕೊಂಡು ಹೋದಳು.

ಹೋದದ್ದು ತೊಳೆಯುವ ಕೋಣೆಗಲ್ಲ. ಅವನ ಮೇಜಿನಿಂದ ಗಾಜಿನ ಗೋಡೆಯಾಚೆಗೆ ಎಲ್ಲ ಕಾಣುತ್ತಿತ್ತು. ಅವಳು ಮಿಸೆಸ್ ಹಾರ್ಡಿಂಗ್ ಕೋಣೆಯ ಬಾಗಿಲು ತಟ್ಟಿದಳು. ಒಳಗೆ ಹೋಗಿ ಬಾಟಲಿಯನ್ನು ಅವರ ಕಾಗದಗಳ ಮೇಲೇ ಇಟ್ಟಳು. ಅದರಲ್ಲಿ ತಳಕ್ಕೆ ಉಳಿದ ಪುಡಿಯನ್ನು ಅವರ ಅಂಗೈಗೆ ಸುರಿದಳು. ಮೇಜಿನ ಮೇಲಿದ್ದ ಲೋಟದಿಂದ ಎರಡು ಹನಿ ನೀರು ಹಾಕಿದಳು. ಮಿಸೆಸ್ ಹಾರ್ಡಿಂಗ್ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. ತೆರೆದ ಬಾಗಿಲಿನಿಂದ ಚನ್ನಬಸವ್ವನ ಮಾತು ಇಡೀ ವಿಭಾಗಕ್ಕೆ ಕೇಳಿಸಿತು: "ಹಾಟ್. ನೋ ಡಾಟ್. ನೋ ಸೆವೆನ್."

ಆಗ ರುದ್ರೇಶನಿಗೆ ಎಲ್ಲವೂ ಒಟ್ಟಿಗೆ ಕಂಡಿತು. ದಿನವೂ ಬಳಸುವ ಉಪ್ಪಿನ ಸೂತ್ರ MgSO₄·7H₂O. ಚುಕ್ಕಿಯ ಎಡಕ್ಕೆ ಉಪ್ಪು, ಬಲಕ್ಕೆ ಅದರ ಹರಳಿನೊಳಗೆ ಕೂತ ನೀರು, ಒಂದು ಪಾಲು ಉಪ್ಪಿಗೆ ಏಳು ಪಾಲು. ಚುಕ್ಕಿ ಎಂದರೆ 'ಮತ್ತು ಅದರ ಜೊತೆಗೆ' ಎಂದಷ್ಟೇ ಅರ್ಥ. ಮುಂದಿನ ಏಳು ನೀರಿಗೆ ಮಾತ್ರ ಸೇರಿದ್ದು. ತೂಕ ಹಾಕುವಾಗ ಎರಡನ್ನೂ ಕೂಡಿಸಬೇಕು, ಗುಣಿಸಬಾರದು. ಉಪ್ಪು ನೂರಿಪ್ಪತ್ತು, ಏಳು ನೀರು ನೂರಿಪ್ಪತ್ತಾರು, ಒಟ್ಟು ಇನ್ನೂರ ನಲವತ್ತಾರು. ಅಂದರೆ ಆ ಹರಳಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಇವತ್ತಿನ ಬಾಟಲಿ ಹೊಸ ಸರಬರಾಜುದಾರರಿಂದ ಬಂದದ್ದು. ದಪ್ಪಕ್ಷರದ ಕೆಳಗೆ ಸಣ್ಣದಾಗಿ ನೀರಿಲ್ಲದ್ದು ಎಂದು ಬರೆದಿತ್ತು, ಸೂತ್ರ MgSO₄ಕ್ಕೇ ನಿಂತಿತ್ತು. ಅದೇ ತೂಕ ಹಾಕಿದರೆ ಔಷಧ ಎರಡು ಪಟ್ಟು. ಎರಡು ಪಟ್ಟು ಮೆಗ್ನೀಸಿಯಂ ಒಬ್ಬ ಬಸುರಿಯ ರಕ್ತಕ್ಕೆ ಹೋದರೆ ಮೊದಲು ಮೊಣಕಾಲು ತಟ್ಟಿದರೂ ಅಲುಗುವುದಿಲ್ಲ, ಆಮೇಲೆ ಉಸಿರು ನಿಧಾನವಾಗುತ್ತದೆ, ಆಮೇಲೆ. ಇದನ್ನು ಜಯಾಳೇ ಒಮ್ಮೆ ಅವನಿಗೆ ಹೇಳಿದ್ದಳು. ಅವನು ಎದ್ದು ನಿಲ್ಲುವಷ್ಟರಲ್ಲಿ ಮಿಸೆಸ್ ಹಾರ್ಡಿಂಗ್ ಫೋನಿನಲ್ಲಿದ್ದರು. ಬಾಟಲಿಗಳ ಟ್ರಾಲಿ ಆಗಲೇ ಲಿಫ್ಟು ಹತ್ತಿ ಹೋಗಿತ್ತು. ಅವನು ಓಡಿದ. ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿದ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಏದುಸಿರಿನಿಂದ ಮಾತು ಹೊರಡದೆ ನಿಂತವನನ್ನು ನರ್ಸು ಯಾರದೋ ಗಂಡನೆಂದು ತಿಳಿದು, ಕೂರಿ, ಎಲ್ಲ ಸರಿಹೋಗುತ್ತದೆ ಎಂದಳು. ಇಪ್ಪತ್ಮೂರು ಬಾಟಲಿ ಟ್ರಾಲಿಯಲ್ಲೇ ಇದ್ದವು. ಇಪ್ಪತ್ತನಾಲ್ಕನೆಯದು ಒಂದು ಮಂಚದ ಪಕ್ಕದ ಟ್ರೇಯಲ್ಲಿ, ಸಿರಿಂಜಿನ ಜೊತೆ, ಮುಚ್ಚಳದ ಸೀಲು ಇನ್ನೂ ಒಡೆಯದೆ ಇತ್ತು. ಫೋನು ಬಂದಾಗ ನರ್ಸು ಅದನ್ನು ಹಾಗೇ ಕೆಳಗಿಟ್ಟಿದ್ದಳಂತೆ. ಮಂಚದ ಮೇಲಿದ್ದ ಹೆಂಗಸು ಊದಿದ ಮುಖವನ್ನು ಅವನ ಕಡೆ ತಿರುಗಿಸಿ ನೋಡಿದಳು. ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವನು ತೊಳೆಯುವ ಕೋಣೆಗೆ ಹೋದ. ಎರಡು ವರ್ಷದಲ್ಲಿ ಅದರ ಹೊಸ್ತಿಲು ದಾಟಿದ್ದು ಅದೇ ಮೊದಲು. ಚನ್ನಬಸವ್ವ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು. ಅವನನ್ನು ಕಂಡು ಎದ್ದು ನಿಲ್ಲಲು ಹೋದವಳು ಅರ್ಧಕ್ಕೆ ಯಾಕೋ ಕೂತೇಬಿಟ್ಟಳು. ಅವನು ಜೇಬಿನಲ್ಲಿ ಕಾಗದದ ಚೂರಿನಲ್ಲಿ ಕಟ್ಟಿಕೊಂಡು ಬಂದಿದ್ದ ಆ ಪುಡಿಯನ್ನು ಅಂಗೈಗೆ ಹಾಕಿಕೊಂಡು ನಲ್ಲಿಯ ಕೆಳಗೆ ಹಿಡಿದ. ಕ್ಷಣದಲ್ಲಿ ಅಂಗೈಯೊಳಗೆ ಒಂದು ಸಣ್ಣ ಜ್ವರ ಹುಟ್ಟಿಕೊಂಡಿತು. 'ನೀರು ಸೇರುವಾಗ ಶಾಖ ಹೊರಬೀಳುತ್ತದೆ' ಎಂದು ಎಷ್ಟು ಸಲ ನೋಟ್ಸ್ ಬರೆಸಿದ್ದ! ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಅದು ಹೀಗಿರುತ್ತದೆ, ಹಿಡಿಯಲಾರದಷ್ಟು ಬಿಸಿಯಲ್ಲ, ಆದರೆ ಮರೆಯಲಾರದಷ್ಟು ಬಿಸಿ ಎಂದು ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಬೇರೆಯವರ ದೇಶದ ನೆಲಮಾಳಿಗೆಯಲ್ಲಿ ಗೊತ್ತಾಗುತ್ತಿತ್ತು.

"ನಿಮಗ ಹೆಂಗ ತಿಳೀತ್ರಿ?" ಎಂದ.

"ತಿಳಿಯೂದೇನ್ರಿ, ಕೈಯಾಗ ಬರ್ತೈತಿ." ಅವಳು ರೊಟ್ಟಿಯ ತುಣುಕನ್ನು ಡಬ್ಬಿಯಲ್ಲಿ ಇಟ್ಟಳು. "ನೀವು ಗುಣಾಕಾರ ಅಂದ್ರಿ. ನಾ ಮನಿಗೆ ಹೋಗಿ ಭಾಳ ವಿಚಾರ ಮಾಡಿದೆ. ಗುಣಾಕಾರ ಆಗಿದ್ರ ಉಪ್ಪು ಏಳು ಪಟ್ಟು ಇರಬೇಕಾಗಿತ್ತು, ಒಂದ ಬಾಟ್ಲ್ಯಾಗ ಹೆಂಗ ಹಿಡಸ್ತೈತಿ? ಮುಂದ ಒಂದಿನ ಮೈಲುತುತ್ತದ ನೀಲಿ ಹಳ್ಳಿನ ಬಾಟ್ಲಿ ಬಂತು. ಅದರ ಮ್ಯಾಲೆ ಚುಕ್ಕಿ, ಐದು. ಅದರ ಬಾಜೂಕ ಬಿಳಿ ಪುಡೀದು ಬಂತು, ಹೆಸರು ಅದ, ಚುಕ್ಕಿ ಇಲ್ಲ. ಬಿಳೀದಕ್ಕ ನೀರು ಬಿಟ್ಟೆ ನೋಡ್ರಿ, ನೀಲಿ ಆಗಿಬಿಡ್ತು! ಆವಾಗ ಗೊತ್ತಾತು. ಚುಕ್ಕಿ ಆಚಿಗಿರೂದು ನೀರು. ಬ್ಯಾರೆ ಏನಲ್ಲ, ಇದ ನಮ್ಮ ನಳದ ನೀರು."

"ಏಳು?"

"ಏಳು ನೀರಿಗಷ್ಟ ಸೇರಿದ್ದು. ಉಪ್ಪಿಗೆ ಸೇರಿದ್ದಲ್ಲ. ಅವು ಉಪ್ಪಿನ ಮನ್ಯಾಗ ಬಾಡಿಗಿ ಇದ್ದಂಗ್ರಿ. ಮನಿಯವರಲ್ಲ, ಆದ್ರ ಅವರು ಹೋದ್ರ ಮನಿ ಬಣ್ಣನ ಹೋಗ್ತೈತಿ. ಚುಕ್ಕಿ ಇದ್ದದ್ದು ನೀರು ಕುಡದು ಕುಂತಿರ್ತೈತಿ, ಅದಕ್ಕ ತಣ್ಣಗ. ಚುಕ್ಕಿ ಇಲ್ಲದ್ದು ನೀರಡಿಸಿರ್ತೈತಿ, ನೀರು ಕಂಡ ಕೂಡ್ಲೆ ಬಿಸಿ ಆಕ್ಕೈತಿ." ಆಮೇಲೆ ದನಿ ಇಳಿಸಿ, "ತಪ್ಪೇನ್ರಿ ಸರ?" ಎಂದಳು.

ತಪ್ಪಿರಲಿಲ್ಲ. ಅವನು ಕಲಿಸಿದ ನೂರಾರು ಹುಡುಗರಲ್ಲಿ ಒಬ್ಬನೂ ಪ್ರಶ್ನೆಯನ್ನು ಮನೆಗೆ ಕರೆದುಕೊಂಡು ಹೋಗಿರಲಿಲ್ಲ. ಕೊಟ್ಟ ಉತ್ತರ ತಪ್ಪಿರಬಹುದೆಂದು ಅನುಮಾನಿಸಿ, ಯಾರ ಹಂಗೂ ಇಲ್ಲದೆ, ತಿಂಗಳುಗಟ್ಟಲೆ ಕಾದು, ಪಾತ್ರೆ ತೊಳೆಯುವ ನಲ್ಲಿಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಸರಿಯಾದದ್ದನ್ನು ಮುಟ್ಟಿರಲಿಲ್ಲ. ತಾನೂ ಮುಟ್ಟಿರಲಿಲ್ಲ. ಪುಸ್ತಕದಲ್ಲಿ ಓದಿದ್ದ, ನಂಬಿದ್ದ, ದಾಟಿಸಿದ್ದ. ಆ ಹೆಂಗಸಿನ ಕೈಗಳನ್ನು ನೋಡಿದ. ಸೋಪಿನ ನೀರಿನಲ್ಲಿ ಬೆಳ್ಳಗೆ ಸುಕ್ಕಾದ ಬೆರಳು, ಉಗುರ ಸಂದಿಯಲ್ಲಿ ಬಿರುಕು. ಅವಳೆದುರು ಕೂರಬೇಕೆನಿಸಿತು, ಆದರೆ ಆ ಕೋಣೆಯಲ್ಲಿ ಇದ್ದದ್ದು ಒಂದೇ ಸ್ಟೂಲು.

"ತಪ್ಪಿಲ್ಲ, ಅಕ್ಕಾರ" ಎಂದ. ಕ್ಷಮಿಸಿರಿ ಎನ್ನದೆಯೇ ತನ್ನ ಮೇಜಿಗೆ ಮರಳಿದ.

ಮುಂದಿನ ವಾರ ವಿಚಾರಣೆ ಎಂದು ಚೀಟಿ ಬಂತು. ಆ ವಾರವೆಲ್ಲ ಅವನು ಜಯಾಳಿಗೆ ಏನೂ ಹೇಳಲಿಲ್ಲ. ಹೇಳಿದ್ದು ವಿಚಾರಣೆಯ ಹಿಂದಿನ ಸಂಜೆ, ಅವಳು ಸೋಫಾದಲ್ಲಿ ಕಾಲು ಮೇಲಿಟ್ಟುಕೊಂಡು ಬಟ್ಟೆ ಮಡಿಸುತ್ತಿದ್ದಾಗ. ಬಾಟಲಿ, ಸಹಿ, ಟ್ರೇ, ಊದಿದ ಮುಖದ ಹೆಂಗಸು, ಎಲ್ಲ ಹೇಳಿದ. ಕೈಗವಸಿನ ಸುಳ್ಳೊಂದನ್ನು ಬಿಟ್ಟು. ಜಯಾ ಮಡಿಸುವುದನ್ನು ನಿಲ್ಲಿಸಿದಳು.

"ಇಷ್ಟು ದಿನ ಒಬ್ರೇ ಇಟ್ಕೊಂಡಿದ್ರಾ?"

"ಡಾಕ್ಟರ್ ಹೆಂಡ್ತಿಗೆ ಏನಂತ ಹೇಳ್ಲಿ?"

"ಡಾಕ್ಟರ್ ಹೆಂಡ್ತಿ ಬಂದ ಮೊದಲ ತಿಂಗಳೇ ಒಂದು ಮಗುವಿಗೆ ಡೋಸ್ ತಪ್ಪು ಬರ್ದಿದ್ಳು. ನರ್ಸ್ ಹಿಡಿದ್ಳು. ನಿಮಗೂ ಹೇಳಿರ್ಲಿಲ್ಲ." ಅವಳು ಟವೆಲೊಂದನ್ನು ಮಡಿಲಲ್ಲಿ ಹಿಂಡಿದಳು. "ನಾಳೆ ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಡಿ. ಒಂದು ಬಿಟ್ರೂ ಅದೇ ಒಳಗೆ ಕೊರೀತಿರತ್ತೆ."

ಅವಳಿಗೆ ಅದು ಹೇಗೆ ಗೊತ್ತಾಯಿತೋ, ಅಥವಾ ಗೊತ್ತಿಲ್ಲದೆಯೇ ಅಂದಳೋ. ರುದ್ರೇಶ ಎದ್ದು ಹೋಗಿ ಚಹಾಕ್ಕೆ ನೀರಿಟ್ಟ.

ವಿಚಾರಣೆ ನಡೆದದ್ದು ಮೂರನೆಯ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ. ಆಸ್ಪತ್ರೆಯ ಮುಖ್ಯ ಫಾರ್ಮಸಿಸ್ಟ್, ಹೆರಿಗೆ ವಾರ್ಡಿನ ಒಬ್ಬ ಹಿರಿಯ ಡಾಕ್ಟರು, ಮಿಸೆಸ್ ಹಾರ್ಡಿಂಗ್. ಚನ್ನಬಸವ್ವನನ್ನು ಕರೆಸಿದ್ದರು, ಬೂದು ಕಾರ್ಡಿಗನ್ನಿನ ಮೇಲೆ ಇಲಕಲ್ ಸೆರಗು ಹೊದ್ದು, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಆಸ್ಪತ್ರೆಯ ದುಭಾಷಿಗಳ ಪಟ್ಟಿಯಲ್ಲಿ ಗುಜರಾತಿ ಇತ್ತು, ಪಂಜಾಬಿ ಇತ್ತು, ತಮಿಳೂ ಇತ್ತು, ಕನ್ನಡ ಇರಲಿಲ್ಲ. ಬೇರೆ ದಾರಿಯಿಲ್ಲ, ಮಿಸ್ಟರ್ ರುದ್ರೇಶ್, ನೀವೇ ಅನುವಾದಿಸಬೇಕು, ಇದು ಸರಿಯಲ್ಲ ಎಂದು ನನಗೂ ಗೊತ್ತು ಎಂದರು ಮುಖ್ಯ ಫಾರ್ಮಸಿಸ್ಟ್. ಅವನು ಒಪ್ಪಿದ. ತನ್ನ ಅಪರಾಧಕ್ಕೆ ತಾನೇ ನಾಲಗೆಯಾಗಿ ಕೂತ.

ಮೊದಲ ಪ್ರಶ್ನೆಗಳು ಸುಲಭವಿದ್ದವು. ಪಾತ್ರೆ, ನೀರು, ಬಿಸಿ. ಅವಳು ಹೇಳಿದಳು, ಅವನು ಇಂಗ್ಲಿಷಿಗೆ ದಾಟಿಸಿದ. ಬಿಳಿ ಪುಡಿ ನೀಲಿಯಾದ ಕತೆ ಬಂದಾಗ ಹಿರಿಯ ಡಾಕ್ಟರು ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. ಆಮೇಲೆ, ಈ ಸೂತ್ರಗಳನ್ನು ಓದಲು ನಿಮಗೆ ಯಾರು ಕಲಿಸಿದರು ಎಂದು ಕೇಳಿದರು.

ಚನ್ನಬಸವ್ವ ರುದ್ರೇಶನ ಕಡೆ ನೋಡದೆ ಹೇಳಿದಳು: "ಇವರ ಕಲಿಸ್ಯಾರ್ರಿ. ಊರಾಗ ದೊಡ್ಡ ಕಾಲೇಜಿನ ಮಾಸ್ತರ ಇದ್ರು ಇವರು. ನಾ ಏನ್ ಕೇಳಿದ್ರೂ ಬಿಡಿಸಿ ಹೇಳ್ತಾರ."

ಅವನು ಅನುವಾದಿಸಲಿಲ್ಲ. ಅಷ್ಟರಲ್ಲಿ ಮುಖ್ಯ ಫಾರ್ಮಸಿಸ್ಟ್ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದರು: ಅನುಮಾನ ಬಂದ ಕೂಡಲೆ ಮೊದಲು ಮಿಸ್ಟರ್ ರುದ್ರೇಶ್‌ಗೆ ತಿಳಿಸಲಿಲ್ಲವೇ? ಆ ಪ್ರಶ್ನೆಯನ್ನು ಅವನು ಕನ್ನಡದಲ್ಲಿ ಅವಳಿಗೆ ದಾಟಿಸಿದ.

"ಇಲ್ರಿ" ಎಂದಳು, ಅಷ್ಟೇ ಸಲೀಸಾಗಿ. "ಸರ ಆವಾಗ ಜಾಗಾದ ಮ್ಯಾಲೆ ಇದ್ದಿಲ್ಲ. ಇದ್ದಿದ್ರ ಅವರ ನಿಲ್ಲಿಸ್ತಿದ್ರು." ಆಮೇಲೆ, ಇಂಗ್ಲಿಷಿನವರಿಗೆ ಹೇಗೂ ತಿಳಿಯದೆಂಬ ಧೈರ್ಯದಿಂದ, ಅದೇ ದನಿಯಲ್ಲಿ, "ಇಷ್ಟ ಹೇಳಿ ಮುಗಸ್ರಿ. ಹೊಟ್ಟಿ ಮ್ಯಾಲೆ ಹೊಡಕೋಬ್ಯಾಡ್ರಿ" ಎಂದಳು.

ಮೂವರೂ ಅವನ ಬಾಯಿ ನೋಡುತ್ತಿದ್ದರು. ಕಿಟಕಿಯಾಚೆ ಆಂಬುಲೆನ್ಸ್ ಒಂದು ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿತ್ತು. ಎರಡು ವಾಕ್ಯ, ಅವಳು ಕೊಟ್ಟದ್ದನ್ನು ಕೊಟ್ಟ ಹಾಗೇ ದಾಟಿಸಿದರೆ ಸಾಕಿತ್ತು; ಮಿಸೆಸ್ ಹಾರ್ಡಿಂಗ್ ಆವತ್ತು ಕಂಡದ್ದು ಬರೀ ಕೈಗವಸಿನ ಮಾತಾಗಿಯೇ ಉಳಿಯುತ್ತಿತ್ತು. ಅದು ಸುಳ್ಳು ಕೂಡ ಅಲ್ಲ, ಪ್ರಾಮಾಣಿಕ ಅನುವಾದ. ಎಜ್‌ವೇರ್‌ನ ಊಟದ ಮೇಜಿನಲ್ಲಿ ಯಾರೂ ಹೇಳದ ಮಾತನ್ನು, ಇವರು ದೊಡ್ಡ ಕಾಲೇಜಿನ ಮಾಸ್ತರು ಎಂಬುದನ್ನು, ಈ ಹೆಂಗಸು, ತಾನು ನಕ್ಕು ಕಳಿಸಿದ ಹೆಂಗಸು, ಮೂವರು ದೊಡ್ಡವರ ಮುಂದೆ ಹೇಳಿಬಿಟ್ಟಿದ್ದಳು. ಅದು ತನಗೆ ಇಷ್ಟು ದಿನ ಬೇಕಾಗಿತ್ತು ಎಂದೂ, ಈಗ ಅದನ್ನು ಇಸಿದುಕೊಳ್ಳಲಾರೆ ಎಂದೂ ಅವನಿಗೆ ಒಂದೇ ಸಲಕ್ಕೆ ತಿಳಿಯಿತು.

"ನಾನು ಕಲಿಸಿದೆ ಎಂದು ಆಕೆ ಹೇಳುತ್ತಾರೆ" ಎಂದ, ಇಂಗ್ಲಿಷಿನಲ್ಲಿ, ನಿಧಾನವಾಗಿ. "ನಾನು ಆ ಹೊತ್ತಿಗೆ ಅಲ್ಲಿರಲಿಲ್ಲ ಎಂದೂ ಹೇಳುತ್ತಾರೆ. ಅದು ಆಕೆಯ ಉತ್ತರ. ಈಗ ನನ್ನದು. ನಾನು ಕಲಿಸಲಿಲ್ಲ. ಆಕೆ ಕೇಳಿದಾಗ, ಗೊತ್ತಿದ್ದೂ ತಪ್ಪು ಹೇಳಿ ನಕ್ಕೆ. ಆವತ್ತು ಆಕೆ ಮೊದಲು ಬಂದದ್ದು ನನ್ನ ಹತ್ತಿರವೇ. ಬಾಟಲಿಯನ್ನೂ ತಂದಿದ್ದರು. ನಾನು ಅದನ್ನು ನೋಡಲೂ ಇಲ್ಲ. ಮಿಸೆಸ್ ಹಾರ್ಡಿಂಗ್ ಕೇಳಿದಾಗ ಕೈಗವಸು ಬೇಕಂತೆ ಎಂದು ಸುಳ್ಳು ಹೇಳಿದೆ."

ಮಿಸೆಸ್ ಹಾರ್ಡಿಂಗ್ ಮುಖ ಕೆಂಪಾಗಿ ತಮ್ಮ ಕಾಗದಗಳನ್ನು ನೋಡಿಕೊಂಡರು. ಅವನ ಉತ್ತರ ತನ್ನದಕ್ಕಿಂತ ಬಹಳ ಉದ್ದವಾಯಿತೆಂಬುದು ಚನ್ನಬಸವ್ವನಿಗೆ ತಿಳಿದಿತ್ತು. 'ಗ್ಲವ್ಸ್' ಎಂಬ ಶಬ್ದವೂ ಅವಳ ಕಿವಿಗೆ ಬಿದ್ದಿತ್ತು.

ಹೊರಗೆ ಬಂದ ಮೇಲೆ ಲಿಫ್ಟಿನ ಮುಂದೆ ಅವಳು ಅವನ ಮೇಲೆ ಹರಿಹಾಯ್ದಳು. "ನಾ ಹೇಳಿದ್ದ ಬ್ಯಾರೆ, ನೀವು ಹೇಳಿದ್ದ ಬ್ಯಾರೆ! ದುಭಾಷಿ ಅಂದ್ರ ಹಿಂಗಿರ್ತಾರೇನ್ರಿ? ನಾಳೆ ಕೆಲಸ ಹೋದ್ರ ಏನ್ ಮಾಡ್ತೀರಿ?"

"ನೋಡೂಣ್ರಿ."

"ಏನ್ ನೋಡೂದು!" ಲಿಫ್ಟು ಬಂತು. ಅವಳು ಹತ್ತಲಿಲ್ಲ, ಮೆಟ್ಟಿಲ ಕಡೆ ಹೋದಳು.

ಕೆಲಸ ಹೋಗಲಿಲ್ಲ. ಲಿಖಿತ ಎಚ್ಚರಿಕೆ ಬಂತು. ಆರು ತಿಂಗಳು ಸಹಿ ಹಾಕುವ ಅಧಿಕಾರ ಇಲ್ಲ, ದಾಸ್ತಾನಿನ ಕೋಣೆಯಲ್ಲಿ ಕೆಲಸ. ತೊಳೆಯುವವರಿಂದ ಹಿಡಿದು ಯಾರು ಬೇಕಾದರೂ ಒಂದು ತಯಾರಿಕೆಯನ್ನು ನಿಲ್ಲಿಸಿ ಎನ್ನಬಹುದು ಎಂಬ ಹೊಸ ನಿಯಮ ಗೋಡೆಗೆ ಅಂಟಿತು. ಬಂದ ಸಾಮಾನನ್ನೆಲ್ಲ ಮೊದಲು ನೋಡಿ, ಚೀಟಿಯ ಸೂತ್ರವನ್ನು ಪುಸ್ತಕದ ಸೂತ್ರದೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ಒಳಗೆ ಬಿಡುವ ಕೆಲಸಕ್ಕೆ ಚನ್ನಬಸವ್ವನನ್ನು ತರಬೇತಿಗೆ ಹಾಕಿದರು. ಅವಳು ಬೇಡ ಅಂದಳು, ಪರೀಕ್ಷೆ ಬರೆಯುವ ವಯಸ್ಸೇನು ಇದು ಅಂದಳು. ದಾನಪ್ಪ ಮಾತ್ರ ತಾನೇ ಎರಡು ಬಸ್ಸು ಬದಲಿಸಿ ಬಂದು ಅರ್ಜಿ ತೆಗೆದುಕೊಂಡು ಹೋದ. ಹೀಗೆ ಇಬ್ಬರೂ ಒಂದೇ ದಾಸ್ತಾನಿನ ಕೋಣೆಗೆ ಬಂದರು. ಅವನು ಪೆಟ್ಟಿಗೆ ಒಡೆಯುವುದು, ಅವಳು ಚೀಟಿ ಓದುವುದು. ಸತ್ಯಪ್ರಕಾಶರು ಒಮ್ಮೆ ಫೋನು ಮಾಡಿ, ಹೇಗಿದೆ ಕೆಲಸ ಎಂದು ಕೇಳಿದಾಗ, "ಬಾಟ್ಲಿ ನೋಡ್ಕೋತೀನಿ" ಎಂದ. ಹೇಳಿದ ಮೇಲೆ ನೋಯುತ್ತದೆಯೋ ಎಂದು ಕಾದ, ನೋಯಲಿಲ್ಲ. ಮೂರು ವಾರ ಚನ್ನಬಸವ್ವ ಅವನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ನಾಲ್ಕನೆಯ ವಾರದ ಶುಕ್ರವಾರ, ಕೋಟು ಹಾಕಿಕೊಳ್ಳುತ್ತ, ಬೆನ್ನು ತಿರುಗಿಸಿಯೇ ಕೇಳಿದಳು:

"ಐತವಾರ ನಾಲ್ಕೂವರಿಗೆ ನಿಮಗ ಪುರಸೊತ್ತು ಐತೇನ್ರಿ?"

ಅವಳು ಕರೆದದ್ದು ಸೌತ್ ಕೆನ್ಸಿಂಗ್ಟನ್ನಿನ ಮ್ಯೂಸಿಯಮ್ಮಿಗೆ. ಐದರ ಮೇಲೆ ಅಲ್ಲಿ ಟಿಕೆಟ್ ಬೇಕಿಲ್ಲ, ಬಿಟ್ಟಿಯಾಗಿ ಒಳಗೆ ಬಿಡುತ್ತಾರೆ. ಆರಕ್ಕೆ ಹತ್ತು ನಿಮಿಷವಿರುವಾಗ ಮುಚ್ಚುತ್ತಾರೆ. ದಾನಪ್ಪನಿಗೆ ಭಾನುವಾರ ಸಂಜೆಯ ಪಾಳಿ ಬಿದ್ದಾಗಲೆಲ್ಲ ಅವಳು ಇಲ್ಲಿಗೆ ಬರುತ್ತಾಳಂತೆ, ಐವತ್ತು ನಿಮಿಷಕ್ಕೆ. ದೈತ್ಯ ಪ್ರಾಣಿಯ ಎಲುಬು ನೋಡುತ್ತ ನಿಂತವರ ನಡುವೆ ದಾರಿ ಮಾಡಿಕೊಂಡು, ಕಲ್ಲಿನ ಮೆಟ್ಟಿಲು ಹತ್ತಿ, ಅವಳು ಅವನನ್ನು ಉದ್ದನೆಯ ಒಂದು ಹಜಾರಕ್ಕೆ ಕರೆದೊಯ್ದಳು. ಸಾಲು ಸಾಲು ಓಕ್ ಮರದ ಗಾಜಿನ ಪೆಟ್ಟಿಗೆ, ಒಳಗೆ ಸಾವಿರಾರು ಕಲ್ಲು, ಒಂದೊಂದರ ಕೆಳಗೂ ಹೆಸರು, ಸೂತ್ರ. ಜನ ಬಹಳ ಇರಲಿಲ್ಲ. ಅವಳು ದಾರಿ ತಪ್ಪದೆ, ತನ್ನ ಓಣಿಯಲ್ಲಿ ನಡೆದ ಹಾಗೆ ನಡೆದಳು. ಒಂದು ಪೆಟ್ಟಿಗೆಯ ಮುಂದೆ ನಿಂತು ಹಸಿರು ಕಲ್ಲುಗಳ ಒಂದು ಗುಂಪನ್ನು ತೋರಿಸಿದಳು, ಸೂತ್ರ (Mg,Fe)₂SiO₄.

"ಈ ಕಂಸದಾಗಿನ ಅಲ್ಪವಿರಾಮ ನನಗ ನಾಲ್ಕು ಐತವಾರ ತಿಂತ್ರಿ" ಎಂದಳು. "ಚುಕ್ಕಿ ಅಲ್ಲ ಇದು. ಕಡೀಕ ಬಣ್ಣ ನೋಡಿ ಹಿಡದೆ. ಇದು ನೋಡ್ರಿ ತೆಳು ಹಸರು, ಇದು ಗಾಢ, ಇದು ಕಂದು. ಸೂತ್ರ ಮಾತ್ರ ಒಂದ. ಅಂದ್ರ ಇವೆರಡೂ ಒಂದ ಕುರ್ಚಿ ಮ್ಯಾಲೆ ಕೂಡಾವು. ಮೆಗ್ನೀಸಿಯಂ ಕುಂತ್ರ ತೆಳು, ಕಬ್ಬಿಣ ಕುಂತ್ರ ಗಾಢ. ಯಾವುದು ಎಷ್ಟರ ಕೂಡ್ಲಿ, ಒಟ್ಟು ಕುರ್ಚಿ ಎರಡ. ಹೌದಲ್ರಿ?"

ಹೌದು. ಈ ಸೂತ್ರವನ್ನೂ ಅವನು ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದ. ಈ ಕಲ್ಲನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ಗಾಜಿಗೆ ಹಣೆ ತಾಗುವಷ್ಟು ಬಾಗಿ ನೋಡಿದ. ತೆಳು ಹಸಿರಿನಿಂದ ಕಂದಿಗೆ ಬಣ್ಣ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಿತ್ತು, ಆ ಪುಟ್ಟ ಅಲ್ಪವಿರಾಮದೊಳಗೆ ಇಷ್ಟೂ ಬಣ್ಣಗಳಿಗೆ ಜಾಗವಿತ್ತು. "ಹೌದ್ರಿ" ಎಂದ. "ಇನ್ನೊಮ್ಮೆ ಹೇಳ್ರಿ, ಯಾವುದರಾಗ ಕಬ್ಬಿಣ ಹೆಚ್ಚು?" ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಬೆರಳು ತೋರಿಸಿ, ನಿಧಾನವಾಗಿ, ಅವನು ಹಿಂದೆ ಬೀಳದ ಹಾಗೆ.

ಮುಚ್ಚುವ ಗಂಟೆ ಬಾರಿಸಿತು. ಸಮವಸ್ತ್ರದ ಒಬ್ಬಾತ ಹಜಾರದ ಆ ತುದಿಯಿಂದ ಜನರನ್ನು ಈಚೆ ಕಳಿಸುತ್ತ ಬರತೊಡಗಿದ. ಹೋಗುವ ದಾರಿಯಲ್ಲಿ ಚನ್ನಬಸವ್ವ ಒಂದು ಪೆಟ್ಟಿಗೆಯ ಹತ್ತಿರ ಥಟ್ಟನೆ ನಿಂತಳು. ಒಳಗೆ ಹಾಲಿನಂಥ ಒಂದು ಓಪಲ್, ತಲೆ ಅಲುಗಿಸಿದರೆ ಹಸಿರು, ಕೆಂಪು ಕಿಡಿ. ಕೆಳಗೆ SiO₂·nH₂O.

"ಇದೊಂದು ಉಳದೈತ್ರಿ" ಎಂದಳು. "ಚುಕ್ಕಿ ಗೊತ್ತು. ನೀರು ಗೊತ್ತು. ನಡುವ ಅಂಕಿ ಇರೂ ಜಾಗಾದಾಗ ಈ ಅಕ್ಷರ ಯಾಕೈತಿ?"

"ನೀರು ಎಷ್ಟಂತ ಗೊತ್ತು ಇಲ್ಲದಾಗ ಹಂಗ ಬರೀತಾರ. ಒಂದೊಂದು ಕಲ್ಲಿನಾಗ ಒಂದೊಂದು ನಮೂನಿ ಇರ್ತೈತಿ."

"ಈ ಕಲ್ಲಿನಾಗ ಎಷ್ಟೈತಿ?"

ಅವನು ಕಲ್ಲನ್ನು ನೋಡಿದ. ಯಾವುದಾದರೊಂದು ಅಂಕಿ ಹೇಳಬಹುದಿತ್ತು. ಅವಳು ಅದನ್ನು ಮನೆಗೆ ಕೊಂಡೊಯ್ದು ನಾಲ್ಕು ಭಾನುವಾರ ತಿಕ್ಕಿ ನೋಡುತ್ತಿದ್ದಳು.

"ನನಗ ಗೊತ್ತಿಲ್ರಿ, ಅಕ್ಕಾರ" ಎಂದ.

ಚನ್ನಬಸವ್ವ ಅವನ ಕಡೆ ತಿರುಗಿದಳು. ಮುಖದ ತುಂಬ ನಿಧಾನವಾಗಿ ಒಂದು ನಗು ಹರಡಿತು. ಸಮವಸ್ತ್ರದವನು ಹತ್ತಿರ ಬಂದು, ಟೈಮಾಯಿತು, ದಯವಿಟ್ಟು ಎಂದ. "ಟೂ ಮಿನಿಟ್ಸ್" ಎಂದಳು ಅವಳು ಅವನಿಗೆ, ಎರಡು ಬೆರಳು ಎತ್ತಿ; ಆಮೇಲೆ ಸರಿದು ಗಾಜಿನ ಮುಂದೆ ರುದ್ರೇಶನಿಗೂ ಜಾಗ ಮಾಡಿಕೊಟ್ಟಳು.